ಚುಕ್ಕಿಗಳ ಗೆರೆ ದಾಟಿದ ಕಲೆ: ರೇಡಿಯೇಷನ್ ಆದ ಒಂಬತ್ತು ತಿಂಗಳಿಗೆ ಗಟ್ಟಿಯಾದ ಚರ್ಮ

ಮೊದಲ ಸಲ ಬಂದಾಗ ಅವರು ಕುರ್ಚಿಯಲ್ಲಿ ಕೂರಲಿಲ್ಲ. ದಪ್ಪನೆಯ ಫೈಲನ್ನು ಮೇಜಿನ ಮೇಲಿಟ್ಟು ನಿಂತೇ ಕೇಳಿದರು: "ಡಾಕ್ಟ್ರೇ, ಮತ್ತೆ ಬಂದಿದೆ ಅಲ್ವಾ? ನೇರವಾಗಿ ಹೇಳಿಬಿಡಿ."

ಮತ್ತೆ ಬಂದಿರೋದು ಅಂದರೆ ಕ್ಯಾನ್ಸರ್. ಪಕ್ಕದಲ್ಲಿ ನಿಂತಿದ್ದ ಮಗಳು ಅಮ್ಮನ ತೋಳು ಹಿಡಿದು ಮೆಲ್ಲಗೆ ಕೂರಿಸಿದರು. ನಾನು ಚರ್ಮದ ಡಾಕ್ಟರು. ಈ ಪ್ರಶ್ನೆಗೆ ಅಷ್ಟು ಬೇಗ ಉತ್ತರ ಕೊಡುವ ಸ್ಥಿತಿಯಲ್ಲಿ ನಾನು ಇರಲಿಲ್ಲ. "ಮೊದಲು ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದೆ. ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬಿಟ್ಟು, ಆ ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ.

ಫೈಲಿನಲ್ಲಿ ಇದ್ದದ್ದು ಇಷ್ಟು. ವಯಸ್ಸು 57. ಬಲ ಸ್ತನದಲ್ಲಿ ಸಣ್ಣ ಗಂಟು, ಬೇಗ ಸಿಕ್ಕಿದ್ದು. ಸ್ತನ ಉಳಿಸಿ ಗಂಟು ಮಾತ್ರ ತೆಗೆದಿದ್ದರು. ಕಂಕುಳಿನ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಹಾರ್ಮೋನ್‌ಗೆ ಸ್ಪಂದಿಸುವ ಜಾತಿಯ ಕ್ಯಾನ್ಸರ್ ಆದ್ದರಿಂದ ಕೀಮೋ ಬೇಡ, ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ಸಾಕು ಅಂತ ತೀರ್ಮಾನವಾಗಿತ್ತು. ಆಮೇಲೆ ರೇಡಿಯೇಷನ್. ಇಡೀ ಸ್ತನಕ್ಕೆ 15 ಸಿಟ್ಟಿಂಗ್‌ನಲ್ಲಿ 40 ಗ್ರೇ (ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ), ಗಂಟು ಇದ್ದ ಜಾಗಕ್ಕೆ ಇನ್ನೂ 5 ಸಿಟ್ಟಿಂಗ್‌ನಲ್ಲಿ 10 ಗ್ರೇ. ಇದು ಸಾಮಾನ್ಯವಾಗಿ ಕೊಡುವ ಲೆಕ್ಕವೇ, ವಿಶೇಷವೇನೂ ಇಲ್ಲ.

ರೇಡಿಯೇಷನ್ ನಡೆಯುತ್ತಿದ್ದಾಗ ಚರ್ಮ ಕೆಂಪಾಗಿತ್ತು. ಕೊನೆಯ ವಾರ ಸ್ತನದ ಕೆಳಗಿನ ಮಡಿಕೆಯಲ್ಲಿ ಸಿಪ್ಪೆ ಸುಲಿದು ನೀರು ಒಸರಿತ್ತು. ಒಂದು ತಿಂಗಳಿಗೆ ಅದು ಪೂರ್ತಿ ವಾಸಿಯಾಯಿತು. ಇದೂ ಮಾಮೂಲು. ರೇಡಿಯೇಷನ್ ತೆಗೆದುಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಸ್ವಲ್ಪವಾದರೂ ಕೆಂಪಾಗುತ್ತದೆ. ಮಡಿಕೆಯಲ್ಲಿ ಬೆವರು, ಉಜ್ಜಾಟ ಜಾಸ್ತಿ ಇರುವುದರಿಂದ ಅಲ್ಲಿ ಸುಲಿಯುವುದೂ ಜಾಸ್ತಿ.

ತೊಂದರೆ ಶುರುವಾಗಿದ್ದು ಒಂಬತ್ತನೇ ತಿಂಗಳಲ್ಲಿ. ಸ್ತನದ ಕೆಳಭಾಗದಲ್ಲಿ, ಎದೆಯ ನಡುವಿನ ಕಡೆಗೆ, ಬೆರಳು ಅಗಲದ ಒಂದು ಕೆಂಪು ಮಚ್ಚೆ ಬಂತು. ಸ್ವಲ್ಪ ಬೆಚ್ಚಗಿತ್ತು. ಸ್ವಲ್ಪ ತುರಿಕೆ. ಒಳ ಉಡುಪು ಒತ್ತಿ ಹೀಗಾಗಿದೆ ಅಂತ ಅವರು ಎರಡು ವಾರ ಸುಮ್ಮನಿದ್ದರು. ಮಚ್ಚೆ ಅಗಲವಾಯಿತು. ತೋರಿಸಿದ ಕಡೆ ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಸೋಂಕು ಅಂತ ಹತ್ತು ದಿನ ಆಂಟಿಬಯಾಟಿಕ್ ಕೊಟ್ಟರು. ಕಮ್ಮಿಯಾಗಲಿಲ್ಲ. ಬೇರೆ ಆಂಟಿಬಯಾಟಿಕ್ ಹದಿನಾಲ್ಕು ದಿನ. ಅದಕ್ಕೂ ಜಗ್ಗಲಿಲ್ಲ.

ಮೊದಲ ಆಂಟಿಬಯಾಟಿಕ್ ಕೊಟ್ಟಿದ್ದನ್ನು ನಾನು ತಪ್ಪು ಅನ್ನಲ್ಲ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಕೊಡುತ್ತಿದ್ದೆ. ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಆದ ಸ್ತನದಲ್ಲಿ ದುಗ್ಧರಸ (ಲಿಂಫ್ ಎಂಬ ದ್ರವ) ಸರಿಯಾಗಿ ಹರಿಯುವುದಿಲ್ಲ, ತಿಂಗಳುಗಳು ಕಳೆದ ಮೇಲೂ ಸೋಂಕು ಬರುವುದುಂಟು. ಆದರೆ ಎರಡನೇ ಕೋರ್ಸ್ ಬರೆಯುವ ಮುಂಚೆ ಸ್ವಲ್ಪ ನಿಲ್ಲಬೇಕಿತ್ತು. ಜ್ವರ ಇರಲಿಲ್ಲ. ಬಿಳಿ ರಕ್ತಕಣದ ಲೆಕ್ಕ ಸರಿಯಾಗಿತ್ತು. ಮುಟ್ಟಿದರೆ ಅಂಥ ನೋವೂ ಇರಲಿಲ್ಲ.

ಎರಡನೆಯದೂ ಕೆಲಸ ಮಾಡದೆ ಹೋದಾಗ ದಿಕ್ಕು ಬದಲಾಯಿತು. ಕ್ಯಾನ್ಸರ್ ಚರ್ಮಕ್ಕೆ ಹರಡಿತಾ ಅನ್ನೋ ಅನುಮಾನ. ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಎರಡೂ ಆದವು. ಚರ್ಮ ದಪ್ಪಗಾಗಿದೆ, ಒಳಗೆ ಗಂಟು ಇಲ್ಲ ಅಂತ ಬಂತು. ಪರೀಕ್ಷೆಗೆ ಚರ್ಮದ 3 ಮಿಲಿಮೀಟರಿನ ಸಣ್ಣ ತುಣುಕು, ಅಂದರೆ ಬಯಾಪ್ಸಿ, ತೆಗೆದರು. ರಿಪೋರ್ಟಿನಲ್ಲಿ "ನಿರ್ದಿಷ್ಟವಲ್ಲದ ಉರಿಯೂತ" ಎಂದಷ್ಟೇ ಇತ್ತು. ಆ ಒಂದು ಸಾಲು ಓದಿಕೊಂಡು ಈ ತಾಯಿ ಮಗಳು ಒಂದು ತಿಂಗಳು ನಿದ್ದೆಗೆಟ್ಟಿದ್ದರು. ಕ್ಯಾನ್ಸರ್ ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ಹಲಗೆಯಂಥ ಚರ್ಮ

ಪರೀಕ್ಷೆಯ ಮಂಚದಲ್ಲಿ ಮಲಗಿಸಿ ಮೊದಲು ಬರಿ ಕಣ್ಣಲ್ಲಿ ನೋಡಿದೆ. ಬಲ ಸ್ತನ ಎಡಗಡೆಯದಕ್ಕಿಂತ ಚಿಕ್ಕದಾಗಿ, ಸ್ವಲ್ಪ ಮೇಲಕ್ಕೆ ಎಳೆದ ಹಾಗಿತ್ತು. ಕೆಳಗಿನ ಅರ್ಧ ಭಾಗದಲ್ಲಿ ಅಂಗೈ ಅಗಲದ ಒಂದು ಪಟ್ಟೆ. ನಡುವೆ ದಂತದ ಬಣ್ಣ, ಸುತ್ತ ಕಂದು. ಮೇಲ್ಮೈ ನಯವಾಗಿ ಮಿರುಗುತ್ತಿತ್ತು. ಕೂದಲಿನ ಸಣ್ಣ ರಂಧ್ರಗಳು ಕಾಣುತ್ತಿರಲಿಲ್ಲ.

ಬೆರಳಲ್ಲಿ ಒತ್ತಿದೆ. ತಗ್ಗು ಬೀಳಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಚರ್ಮ ಹಿಡಿದು ಎತ್ತಲು ನೋಡಿದೆ, ಎತ್ತಲಾಗಲಿಲ್ಲ. ಹಲಗೆಗೆ ಚರ್ಮ ಅಂಟಿಸಿದ ಹಾಗಿತ್ತು. ಅದೇ ಎಡ ಸ್ತನದ ಚರ್ಮ ಸಲೀಸಾಗಿ ಮಡಿಕೆ ಬಿತ್ತು. ಬಲಗೈ ಮೇಲೆತ್ತಲು ಹೇಳಿದೆ. ಕಿವಿಯ ಎತ್ತರ ದಾಟುವಷ್ಟರಲ್ಲಿ "ಇಲ್ಲಿ ಎಳೀತದೆ ಡಾಕ್ಟ್ರೇ" ಅಂದರು.

ಆ ದಿನ ಟಿಪ್ಪಣಿಯಲ್ಲಿ ನಾನು ಮೊದಲು ಬರೆದದ್ದು "ರೇಡಿಯೇಷನ್ ಫೈಬ್ರೋಸಿಸ್" ಅಂತ. ರೇಡಿಯೇಷನ್ ಬಿದ್ದ ಜಾಗದ ಒಳಮಾಂಸ ನಿಧಾನವಾಗಿ ನಾರುಗಟ್ಟುವುದಕ್ಕೆ ಹಾಗನ್ನುತ್ತೇವೆ. ಸಾಮಾನ್ಯ ಸಂಗತಿ. ಬರೆದು ಪೆನ್ನು ಕೆಳಗಿಟ್ಟೆ. ಆಮೇಲೆ ಕಣ್ಣಿಗೆ ಬಿದ್ದದ್ದು ಒಂದು ನೀಲಿ ಚುಕ್ಕಿ.

ರೇಡಿಯೇಷನ್ ಶುರು ಮಾಡುವ ಮುಂಚೆ ಚರ್ಮದ ಮೇಲೆ ಸೂಜಿಯಿಂದ ಹಚ್ಚೆಯ ಸಣ್ಣ ಚುಕ್ಕಿಗಳನ್ನು ಇಡುತ್ತಾರೆ. ಪ್ರತಿದಿನ ಯಂತ್ರವನ್ನು ಅದೇ ಜಾಗಕ್ಕೆ ಹೊಂದಿಸಲು ಅವು ಗುರುತು. ಸಾಸಿವೆಗಿಂತ ಚಿಕ್ಕವು. ಮಚ್ಚೆ ಅಂದುಕೊಂಡು ನೋಡಿಯೂ ನೋಡದ ಹಾಗೆ ಬಿಟ್ಟುಬಿಡುತ್ತೇವೆ. ಇವರಿಗೆ ಮೂರು ಚುಕ್ಕಿ ಇದ್ದವು. ಎದೆಯ ನಡುವೆ ಒಂದು, ಎರಡು ಪಕ್ಕೆಗಳಲ್ಲಿ ಒಂದೊಂದು.

ರೇಡಿಯೇಷನ್ ವಿಭಾಗಕ್ಕೆ ಫೋನ್ ಮಾಡಿ ಪ್ಲಾನಿನ ಚಿತ್ರ ತರಿಸಿಕೊಂಡೆ. ಸ್ತನಕ್ಕೆ ಕೊಡುವಾಗ ಕಿರಣವನ್ನು ನೇರವಾಗಿ ಎದೆಗೆ ಬಿಡುವುದಿಲ್ಲ. ಶ್ವಾಸಕೋಶ ಉಳಿಸಲು ಓರೆಯಾಗಿ, ಎದೆಗೂಡನ್ನು ಸವರಿಕೊಂಡು ಹೋಗುವ ಹಾಗೆ ಎರಡು ಕಡೆಯಿಂದ ಬಿಡುತ್ತಾರೆ. ಹಾಗಾಗಿ ಕಿರಣ ಬಿದ್ದ ಚರ್ಮಕ್ಕೆ ಒಂದು ಚೌಕಟ್ಟು ಇರುತ್ತದೆ. ಒಂದು ಅಂಚು ಎದೆಯ ನಡುಗೆರೆಯ ಹತ್ತಿರ, ಇನ್ನೊಂದು ಕಂಕುಳಿನ ಕೆಳಗೆ, ಕೆಳ ಅಂಚು ಸ್ತನದ ಮಡಿಕೆಗಿಂತ ಸ್ವಲ್ಪ ಕೆಳಗೆ. ಚಿತ್ರ ಎದುರಿಗಿಟ್ಟುಕೊಂಡು, ಚುಕ್ಕಿಗಳನ್ನು ಆಧಾರ ಮಾಡಿಕೊಂಡು, ಆಪರೇಷನ್‌ಗೆ ಗುರುತು ಹಾಕುವ ನೇರಳೆ ಪೆನ್ನಿನಿಂದ ಆ ಚೌಕಟ್ಟನ್ನು ಅವರ ಚರ್ಮದ ಮೇಲೆ ಎಳೆದೆ. ಗಟ್ಟಿ ಪಟ್ಟೆಯ ಅಂಚನ್ನು ಚುಕ್ಕಿ ಚುಕ್ಕಿಯಾಗಿ ಬೇರೆ ಗುರುತು ಹಾಕಿದೆ.

ಪಟ್ಟೆಯ ಬಹುಪಾಲು ಚೌಕಟ್ಟಿನ ಒಳಗೇ ಇತ್ತು. ಆದರೆ ಒಳಬದಿಯಲ್ಲಿ ಅದು ಗೆರೆ ದಾಟಿ ಎಡಗಡೆಗೆ ಎರಡು ಬೆರಳಿನಷ್ಟು ಹೋಗಿತ್ತು. ಕೆಳಗಡೆಯೂ ಗೆರೆ ದಾಟಿ ಹೊಟ್ಟೆಯ ಮೇಲ್ಭಾಗಕ್ಕೆ ಇಳಿದಿತ್ತು.

ನನ್ನ ಟಿಪ್ಪಣಿಯ ಮೊದಲ ಸಾಲನ್ನು ಹೊಡೆದುಹಾಕಿದೆ. ರೇಡಿಯೇಷನ್ ಫೈಬ್ರೋಸಿಸ್ ಗೆರೆ ದಾಟುವುದಿಲ್ಲ. ಕಿರಣ ಬೀಳದ ಚರ್ಮ ಕಿರಣದಿಂದ ನಾರುಗಟ್ಟುವುದು ಹೇಗೆ? ಇದು ರೇಡಿಯೇಷನ್‌ನಿಂದ ಶುರುವಾಗಿ, ಆಮೇಲೆ ತನ್ನ ಕಾಲ ಮೇಲೆ ತಾನೇ ನಡೆಯಲು ಕಲಿತ ಕಾಯಿಲೆ.

ಆ ಗೆರೆ ದಾಟಿದ ಜಾಗವನ್ನು ಇನ್ನೂ ಹತ್ತಿರದಿಂದ ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ ಏನೂ ಕಾಣಲಿಲ್ಲ. ಕಿಟಕಿಯ ಪರದೆ ಸರಿಸಿ, ಅವರನ್ನು ಹಗಲು ಬೆಳಕಿಗೆ ತಿರುಗಿಸಿದಾಗ ಕಂದು ಚರ್ಮದ ಮೇಲೆ ಮಬ್ಬಾದ ನೇರಳೆ ಬಣ್ಣದ ಒಂದು ಅಂಚು ಕಂಡಿತು. ಪೆನ್ನಿನ ಶಾಯಿಯೇ ಹರಡಿತೇನೋ ಅಂತ ಸ್ಪಿರಿಟ್ ಹಚ್ಚಿ ಒರೆಸಿ ನೋಡಿದೆ. ಹೋಗಲಿಲ್ಲ. ಚರ್ಮವನ್ನು ಗಟ್ಟಿಯಾಗಿಸುವ ಮಾರ್ಫಿಯಾ ಅನ್ನೋ ಕಾಯಿಲೆ ಇನ್ನೂ ಹರಡುತ್ತಿರುವಾಗ ಸುತ್ತ ಇಂಥ ಅಂಚು ಇರುತ್ತದೆ. ಬಿಳಿ ಚರ್ಮದ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಕಂದು ಚರ್ಮದಲ್ಲಿ ಹುಡುಕಬೇಕು.

ಮಗಳು ಆಗ ಫೋನ್ ತೆಗೆದರು. "ಇದು ಉಪಯೋಗ ಆಗುತ್ತಾ ನೋಡಿ." ಎರಡು ವಾರಕ್ಕೊಂದರಂತೆ ಮೂರು ತಿಂಗಳ ಫೋಟೋ, ತಾರೀಖಿನ ಸಮೇತ. ಉಪಯೋಗವೇನು, ಅರ್ಧ ಉತ್ತರ ಅದರಲ್ಲೇ ಇತ್ತು. ಕಲೆ ತಿಂಗಳಿಗೆ ಒಂದು ಬೆರಳಿನಷ್ಟು ಬೆಳೆದಿತ್ತು. ಸೋಂಕು ಈ ವೇಗದಲ್ಲಿ ನಡೆಯುವುದಿಲ್ಲ. ಅದು ಗಂಟೆ, ದಿನದ ಲೆಕ್ಕದಲ್ಲಿ ಓಡುತ್ತದೆ. ಮೊದಲ ಫೋಟೋಗಳಲ್ಲಿ ಕೆಂಪು ಮಾತ್ರ ಇತ್ತು. ಆರನೇ ವಾರದ ಹೊತ್ತಿಗೆ ನಡುವೆ ಹೊಳಪು ಬಂದಿತ್ತು.

ಏನೇನಿರಬಹುದು

ರೇಡಿಯೇಷನ್ ಆದ ಚರ್ಮಕ್ಕೆ ವಿಚಿತ್ರ ಅತಿಥಿಗಳು ಬರುತ್ತಾರೆ. ಕೆಲವರಿಗೆ ಕಿರಣ ಬಿದ್ದಷ್ಟೇ ಜಾಗದಲ್ಲಿ ಹದಿಹರೆಯದವರ ಮುಖದಂತೆ ಕಪ್ಪು ತಲೆಯ ಮೊಡವೆಗಳು ಏಳುತ್ತವೆ. ಕೆಲವರಿಗೆ ಪೆಂಫಿಗಾಯ್ಡ್ ಎಂಬ ನೀರುಗುಳ್ಳೆಯ ಕಾಯಿಲೆ ಅಲ್ಲಿಂದಲೇ ಶುರುವಾಗುತ್ತದೆ. ಇನ್ನು ಕೆಲವರಿಗೆ ಮೈಯೆಲ್ಲ ತುರಿಕೆಯ ಗುಳ್ಳೆ, ಅದರೊಳಗೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ದಂಡು. ಇವೆಲ್ಲ ಅಪರೂಪ. ಇವರಿಗೆ ನೀರುಗುಳ್ಳೆಯೂ ಇರಲಿಲ್ಲ, ಮೊಡವೆಯೂ ಇರಲಿಲ್ಲ. ಹಾಗಾಗಿ ಅವನ್ನು ಪಕ್ಕಕ್ಕಿಟ್ಟೆ.

ರೇಡಿಯೇಷನ್ ರೀಕಾಲ್ ಅಂತ ಇನ್ನೊಂದಿದೆ. ಕಿರಣ ಬಿದ್ದು ವಾಸಿಯಾದ ಜಾಗ, ತಿಂಗಳುಗಳ ಮೇಲೆ ಯಾವುದೋ ಔಷಧಿ ಕೊಟ್ಟಾಗ ಮತ್ತೆ ಸುಟ್ಟ ಹಾಗೆ ಕೆಂಪಾಗುವುದು. 1959ರಲ್ಲಿ ಡಿ'ಆಂಜಿಯೋ ಮತ್ತು ಜೊತೆಗಾರರು ಆಕ್ಟಿನೋಮೈಸಿನ್-ಡಿ ಎಂಬ ಕ್ಯಾನ್ಸರ್ ಔಷಧಿಯ ಜೊತೆ ಇದನ್ನು ಮೊದಲು ವಿವರಿಸಿದರು. ಚರ್ಮಕ್ಕೆ ನೆನಪು ಇರುತ್ತದೆ ಅನ್ನುವ ಮಾತು ನಮ್ಮಲ್ಲಿ ಹುಟ್ಟಿದ್ದು ಇದರಿಂದಲೇ ಇರಬೇಕು. ಆದರೆ ಅದು ಔಷಧಿ ಕೊಟ್ಟ ಕೆಲವು ದಿನ, ವಾರಗಳಲ್ಲಿ ಬರುತ್ತದೆ, ಚೌಕಟ್ಟು ದಾಟುವುದಿಲ್ಲ. ಇವರು ಕೀಮೋ ತೆಗೆದುಕೊಂಡಿರಲಿಲ್ಲ, ಹೊಸ ಔಷಧಿಯೂ ಶುರುವಾಗಿರಲಿಲ್ಲ.

ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಎರಡರ ಬಗ್ಗೆ. ಒಂದು, ಅವರು ಕೇಳಿದ್ದೇ: ಹಳೇ ಕ್ಯಾನ್ಸರ್ ಚರ್ಮದ ದುಗ್ಧನಾಳಗಳಲ್ಲಿ ತುಂಬಿಕೊಂಡು ಸ್ತನ ಕೆಂಪಾಗಿ ಗಟ್ಟಿಯಾಗುವುದು. ಅದು ಗೆರೆಯ ಒಳಗೂ ಇರಬಹುದು, ಹೊರಗೂ ಇರಬಹುದು. ನನ್ನ ನೇರಳೆ ಪೆನ್ನು ಅದನ್ನು ತಳ್ಳಿಹಾಕಲಾರದು. ಎರಡನೆಯದು ಆಂಜಿಯೋಸಾರ್ಕೋಮಾ. ರೇಡಿಯೇಷನ್‌ನಿಂದಲೇ ಹುಟ್ಟುವ, ರಕ್ತನಾಳಗಳ ಕ್ಯಾನ್ಸರ್. ಸ್ತನಕ್ಕೆ ರೇಡಿಯೇಷನ್ ಆದ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಸಾಮಾನ್ಯವಾಗಿ ಐದಾರು ವರ್ಷ ಕಳೆದ ಮೇಲೆ, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದಂಥ ನೇರಳೆ ಮಚ್ಚೆಯಾಗಿ ಕಾಣಿಸುತ್ತದೆ. ಇವರಿಗೆ ಒಂದು ವರ್ಷ ಮಾತ್ರ ಆಗಿತ್ತು. ಆದರೂ ನೇರಳೆ ಅಂಚು ಅಂದಾಗ ಅದು ಮನಸ್ಸಿಗೆ ಬರದೆ ಇರುವುದಿಲ್ಲ.

"ಇನ್ನೊಂದು ಸಲ ಬಯಾಪ್ಸಿ ಮಾಡಬೇಕಮ್ಮ" ಅಂದೆ.

"ಆಗಲೇ ಮಾಡಿದ್ದಾರಲ್ಲ?"

"ಮಾಡಿದ್ದಾರೆ. ಆದರೆ ಸಾಕಷ್ಟು ಆಳಕ್ಕೆ ಹೋಗಿಲ್ಲ."

ಇದು ಸಬೂಬಲ್ಲ. ಮಾರ್ಫಿಯಾ ಚರ್ಮದ ಆಳದಲ್ಲಿ, ಕೊಬ್ಬಿನ ಗಡಿಯ ಹತ್ತಿರ ಶುರುವಾಗುತ್ತದೆ. 3 ಮಿಲಿಮೀಟರಿನ ತುಣುಕು ಅಲ್ಲಿಯವರೆಗೆ ಹೋಗಿರಲಿಲ್ಲ. ಕ್ಯಾನ್ಸರ್ ಕಣಗಳು ದುಗ್ಧನಾಳಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದರೂ ಅಷ್ಟು ಸಣ್ಣ ತುಣುಕಿನಲ್ಲಿ ತಪ್ಪಿಸಿಕೊಳ್ಳಬಹುದು. ಇನ್ನೊಂದು ಕಡೆ, ರೇಡಿಯೇಷನ್ ಆದ ಚರ್ಮದಲ್ಲಿ ಗಾಯ ಬೇಗ ಮಾಯುವುದಿಲ್ಲ. ಸುಮ್ನೆ ಚುಚ್ಚಿ ನೋಡೋಣ ಅನ್ನುವ ಜಾಗವಲ್ಲ ಅದು. ಮಾಡಿದರೆ ಒಂದೇ ಸಲ ಸರಿಯಾಗಿ ಮಾಡಬೇಕು. ಅದನ್ನೂ ಹೇಳಿದೆ. ಅವರು ಒಪ್ಪಿದರು.

ಎರಡು ಕಡೆ ತೆಗೆದೆ. ಗಟ್ಟಿ ಜಾಗದ ನಡುವಿನಿಂದ 6 ಮಿಲಿಮೀಟರ್, ಕೊಬ್ಬು ಬರುವವರೆಗೆ. ಗೆರೆಯ ಹೊರಗಿನ ನೇರಳೆ ಅಂಚಿನಿಂದ 4 ಮಿಲಿಮೀಟರ್. ಮೊದಲನೆಯದಕ್ಕೆ ಪಂಚ್ (ತುಣುಕು ಕತ್ತರಿಸುವ ದುಂಡಗಿನ ಬ್ಲೇಡು) ತಿರುಗಿಸುವಾಗ ಕೈಗೆ ಗೊತ್ತಾಯಿತು. ಮಾಮೂಲಿ ಚರ್ಮದಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯುವುದು ಇಲ್ಲಿ ಒಣ ರಬ್ಬರಿಗೆ ಇಳಿದಂತೆ ಇಳಿಯಿತು. ಹೊರಗೆ ಬಂದ ತುಣುಕು ಸೀಮೆಸುಣ್ಣದ ತುಂಡಿನಂತೆ ಮೇಲಿಂದ ಕೆಳಗೆ ಒಂದೇ ಅಗಲ. ಸಾಮಾನ್ಯವಾಗಿ ತುಣುಕು ಕೆಳಗೆ ಹೋಗುತ್ತ ಮೊನಚಾಗುತ್ತದೆ. ಕೊಲಾಜೆನ್ ನಾರು ತುಂಬಿ ಬಿರುಸಾದ ಚರ್ಮದಲ್ಲಿ ಮಾತ್ರ ಹೀಗೆ ನೇರ ಪಕ್ಕೆಗಳ ತುಣುಕು ಬರುತ್ತದೆ. ಲ್ಯಾಬಿಗೆ ಹೋಗುವ ಮುಂಚೆ ಬಾಟಲಿಯನ್ನು ಮಗಳಿಗೆ ತೋರಿಸಬೇಕು ಅನ್ನಿಸಿತು. ತೋರಿಸಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಬೇರೆ ರಿಪೋರ್ಟ್ ಬಂದರೆ?

ಫಾರಂ ತುಂಬುವಾಗ ಒಂದು ಕೆಲಸ ಮಾಡಿದೆ. "ಕೆಂಪು ಕಲೆ, ರೋಗ ಏನು" ಅಂತ ಬರೆದು ಕೈತೊಳೆದುಕೊಳ್ಳದೆ, ರೇಡಿಯೇಷನ್ ಯಾವಾಗ ಆಯಿತು, ಎಷ್ಟು ಗ್ರೇ, ಯಾವ ತುಣುಕು ಚೌಕಟ್ಟಿನ ಒಳಗಿನದು, ಯಾವುದು ಹೊರಗಿನದು ಎಲ್ಲ ಬರೆದು ಒಂದು ಸಣ್ಣ ಚಿತ್ರವನ್ನೂ ಬಿಡಿಸಿದೆ. ಪೆಥಾಲಜಿಸ್ಟ್‌ಗೆ ಫೋನ್ ಮಾಡಿ ದುಗ್ಧನಾಳಗಳನ್ನು ಹುಡುಕಿ ನೋಡಿ ಅಂತ ಕೇಳಿಕೊಂಡೆ. ಹಿಂದಿನ ತುಣುಕಿನ ಜೊತೆ ಹೋದ ಫಾರಂನಲ್ಲಿ ರೇಡಿಯೇಷನ್ ಅನ್ನೋ ಪದವೇ ಇರಲಿಲ್ಲ. ಪಾಪ, ಸೂಕ್ಷ್ಮದರ್ಶಕದ ಹಿಂದೆ ಕೂತವರು ಊಹೆ ಮಾಡೋದಾದರೂ ಹೇಗೆ?

ಆರನೇ ದಿನ ಪೆಥಾಲಜಿಸ್ಟೇ ಕರೆದರು. "ಬಂದು ನೋಡಿ, ಪಾಠ ಮಾಡೋ ಹಾಗಿದೆ."

ಗಟ್ಟಿ ಜಾಗದ ತುಣುಕಿನಲ್ಲಿ ಕೊಲಾಜೆನ್ ಎಳೆಗಳು ದಪ್ಪಗಾಗಿ, ಒಂದಕ್ಕೊಂದು ಒತ್ತಿಕೊಂಡು, ಸಂದೇ ಇಲ್ಲದ ಹಾಗೆ ಗುಲಾಬಿ ಗೋಡೆಯಾಗಿದ್ದವು. ಕೂದಲ ಬುಡಗಳು ಮಾಯ. ಬೆವರಿನ ಗ್ರಂಥಿಗಳು ಸುತ್ತಲ ಕೊಬ್ಬು ಕಳೆದುಕೊಂಡು, ಆ ಗೋಡೆಯೊಳಗೆ ಸಿಕ್ಕಿಹಾಕಿಕೊಂಡಿದ್ದವು. ಅಂಚಿನ ತುಣುಕಿನಲ್ಲಿ ರಕ್ತನಾಳಗಳ ಸುತ್ತ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಎಂಬ ರೋಗನಿರೋಧಕ ಕಣಗಳು ಗುಂಪುಗೂಡಿದ್ದವು. ಅಂದರೆ ಕಾಯಿಲೆ ಅಲ್ಲಿ ಈಗಷ್ಟೇ ಕಾಲಿಟ್ಟಿದೆ. ಹಳೇ ರೇಡಿಯೇಷನ್ ಗಾಯದಲ್ಲಿ ಕಾಣುವ ವಿಕಾರ ಆಕಾರದ ಫೈಬ್ರೋಬ್ಲಾಸ್ಟ್‌ಗಳು, ಅಂದರೆ ನಾರು ನೇಯುವ ಕಣಗಳು, ಇರಲಿಲ್ಲ. ದುಗ್ಧನಾಳಗಳು ಖಾಲಿ. ಕ್ಯಾನ್ಸರ್ ಕಣ ಹುಡುಕಲು ಸೈಟೊಕೆರಾಟಿನ್ ಬಣ್ಣವನ್ನೂ ಹಾಕಿಸಿದ್ದರು. ಚರ್ಮದ ಮೇಲ್ಪದರ ಮತ್ತು ಬೆವರಿನ ಗ್ರಂಥಿ ಬಿಟ್ಟರೆ ಎಲ್ಲೂ ಬಣ್ಣ ಹತ್ತಲಿಲ್ಲ.

ರೇಡಿಯೇಷನ್‌ನಿಂದ ಬಂದ ಮಾರ್ಫಿಯಾ. ಚರ್ಮ ಒಂದು ಜಾಗದಲ್ಲಿ ಮಾತ್ರ ಗಟ್ಟಿಯಾಗುವ ಕಾಯಿಲೆ.

ತಾಯಿ ಮಗಳಿಗೆ ಹೇಳಿದ್ದು

"ಕ್ಯಾನ್ಸರ್ ಅಲ್ಲ" ಅಂದ ಕೂಡಲೇ ಮಗಳು ಅತ್ತರು. ಅಮ್ಮ ಅಳಲಿಲ್ಲ. ಒಂದು ನಿಮಿಷ ಬಿಟ್ಟು, "ಹಾಗಾದ್ರೆ ಇದೇನು?" ಅಂದರು. ಒಳ್ಳೆಯ ಪ್ರಶ್ನೆ. ಕ್ಯಾನ್ಸರ್ ಅಲ್ಲ ಅಂತ ಹೇಳಿ ಕಳಿಸಿಬಿಡುವುದು ನಮ್ಮಲ್ಲಿ ಕೆಲವರ ಅಭ್ಯಾಸ. ಹಾಗೆ ಕಳಿಸಿದರೆ ಕಾಯಿಲೆ ಅಲ್ಲೇ ಉಳಿಯುತ್ತದೆ.

ಗಾಯ ಮಾಯುವಾಗ ಚರ್ಮದಲ್ಲಿ ಫೈಬ್ರೋಬ್ಲಾಸ್ಟ್ ಎಂಬ ಕಣಗಳು ನಾರು ನೇಯುತ್ತವೆ ಅಂತ ಹೇಳಿದೆ. ಗಾಯ ತುಂಬಿದ ಮೇಲೆ ನಿಲ್ಲಿಸಬೇಕು. ಕಿರಣ ಬಿದ್ದಾಗ ಟಿಜಿಎಫ್-ಬೀಟಾ ಎಂಬ ಸಂದೇಶದ ಪ್ರೊಟೀನು ಎಚ್ಚರಗೊಂಡು "ನೇಯಿರಿ, ನೇಯಿರಿ" ಅನ್ನುತ್ತದೆ. ಎಲ್ಲರಲ್ಲೂ ಸ್ವಲ್ಪ ಹೊತ್ತು ಹಾಗಾಗುತ್ತದೆ, ಆಮೇಲೆ ತಣ್ಣಗಾಗುತ್ತದೆ. ಕೆಲವರಲ್ಲಿ ಮಾತ್ರ ರೋಗನಿರೋಧಕ ಕಣಗಳೂ ಬಂದು ಸೇರಿಕೊಂಡು ಆ ಕೂಗು ನಿಲ್ಲುವುದೇ ಇಲ್ಲ. ನೇಯುವುದೂ ನಿಲ್ಲುವುದಿಲ್ಲ.

"ಡೋಸ್ ಜಾಸ್ತಿ ಕೊಟ್ಟುಬಿಟ್ರಾ?" ಮಗಳ ಪ್ರಶ್ನೆ. ದನಿಯಲ್ಲಿ ಸಿಟ್ಟಿತ್ತು.

ಇಲ್ಲ. ಪ್ಲಾನನ್ನು ನಾನು ಮತ್ತು ರೇಡಿಯೇಷನ್ ಡಾಕ್ಟರು ಕೂತು ಮತ್ತೆ ನೋಡಿದ್ದೆವು. ಯಾವ ತಪ್ಪೂ ಇರಲಿಲ್ಲ. ಡೋಸ್ ಜಾಸ್ತಿಯಾದಷ್ಟು ಮಾರ್ಫಿಯಾ ಜಾಸ್ತಿ ಅನ್ನುವ ನೇರ ಲೆಕ್ಕ ಈ ಕಾಯಿಲೆಯಲ್ಲಿ ಕಂಡುಬಂದಿಲ್ಲ. ಇದು ಹೊಸದೂ ಅಲ್ಲ. 1989ರಲ್ಲೇ ಬ್ರಿಟನ್ನಿನ ಕಾಲ್ವರ್ ಮತ್ತು ಜೊತೆಗಾರರು ಸ್ತನ ಕ್ಯಾನ್ಸರಿಗೆ ರೇಡಿಯೇಷನ್ ಪಡೆದ ಹೆಂಗಸರಲ್ಲಿ ಇದನ್ನು ವಿವರಿಸಿ ಬರೆದರು. ಅಂಥ ಹೆಂಗಸರಲ್ಲಿ ಸುಮಾರು 500ಕ್ಕೆ ಒಬ್ಬರಿಗೆ ಬರುತ್ತದೆ ಅನ್ನುವ ಅಂದಾಜಿದೆ. ಉಳಿದ ಜನರಲ್ಲಿ ಮಾರ್ಫಿಯಾ ವರ್ಷಕ್ಕೆ ಲಕ್ಷಕ್ಕೆ ಮೂವರಷ್ಟು. ಹೆಚ್ಚಿನವರಿಗೆ ಒಂದು ವರ್ಷದೊಳಗೆ ಶುರುವಾಗುತ್ತದೆ. ಒಂದೇ ತಿಂಗಳಲ್ಲಿ ಬಂದವರೂ ಇದ್ದಾರೆ, 30 ವರ್ಷ ದಾಟಿದ ಮೇಲೆ ಬಂದವರೂ ಇದ್ದಾರೆ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಇವರ ಹಾಗೆ ಚೌಕಟ್ಟು ದಾಟುತ್ತದೆ.

ಇನ್ನೊಂದು ಹೆದರಿಕೆಯನ್ನೂ ತೆಗೆಯಬೇಕಿತ್ತು. ಅವರು ಎಲ್ಲೋ ಸ್ಕ್ಲೆರೋಡರ್ಮಾ ಅನ್ನುವ ಪದ ಓದಿದ್ದರು. ಶ್ವಾಸಕೋಶ, ಕಿಡ್ನಿ ಎಲ್ಲ ಹಿಡಿಯುವ ಆ ಕಾಯಿಲೆ ಬೇರೆ. ಮಾರ್ಫಿಯಾ ಅದಾಗಿ ಬದಲಾಗುವುದಿಲ್ಲ. ಆದರೂ ಬೆರಳುಗಳನ್ನು ನೋಡಿದೆ. ತಣ್ಣೀರಿಗೆ ಬೆಳ್ಳಗಾಗುತ್ತವಾ, ನುಂಗುವಾಗ ಸಿಕ್ಕಿಕೊಳ್ಳುತ್ತಾ ಅಂತ ಕೇಳಿದೆ. ಏನೂ ಇರಲಿಲ್ಲ.

ಔಷಧಿ ಆರಿಸಿದ್ದು

ಒಂದು ತಿಂಗಳು ಕ್ಲೊಬೆಟಸಾಲ್ ಎಂಬ ಸ್ಟಿರಾಯ್ಡ್ ಮುಲಾಮು ಹಚ್ಚಿದರು. ತುರಿಕೆ ನಿಂತಿತು, ಅಂಚು ಮಾತ್ರ ಇನ್ನಷ್ಟು ಮುಂದೆ ಹೋಯಿತು. ಹೊರಗಿನಿಂದ ಹಚ್ಚುವ ಮುಲಾಮು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಬೆಳಕಿನ ಚಿಕಿತ್ಸೆ ಇದೆ, ಮಾರ್ಫಿಯಾಗೆ ಯುವಿಎ-1 ಎಂಬ ಅತಿನೇರಳೆ ಬೆಳಕು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಈಗಾಗಲೇ 40-50 ಗ್ರೇ ಕಂಡ ಚರ್ಮದ ಮೇಲೆ ಮತ್ತೆ ಅತಿನೇರಳೆ ಕಿರಣ ಬಿಡಲು ನನಗೆ ಮನಸ್ಸಾಗಲಿಲ್ಲ. ಬಿಡಲೇಬಾರದು ಅಂತ ನಿಯಮವೇನಿಲ್ಲ, ಬಿಟ್ಟವರಿದ್ದಾರೆ. ನನ್ನ ಮನಸ್ಸಿನ ಅಳುಕು ಅಷ್ಟೇ.

ಉಳಿದದ್ದು ಮೆಥೊಟ್ರೆಕ್ಸೇಟ್. ಇಲ್ಲಿ ನಾನು ಎರಡು ದಿನ ಯೋಚನೆ ಮಾಡಿದೆ. ಕ್ಯಾನ್ಸರ್ ಮುಗಿಸಿ ಒಂದು ವರ್ಷವಾದವರಿಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಕೊಡಬಹುದಾ? ಅದು ಸಾಲದು ಅಂತ, ರೇಡಿಯೇಷನ್ ರೀಕಾಲ್ ಮಾಡುವ ಔಷಧಿಗಳ ಪಟ್ಟಿಯಲ್ಲಿ ಮೆಥೊಟ್ರೆಕ್ಸೇಟ್ ಹೆಸರೂ ಇದೆ. ಆಂಕಾಲಜಿಸ್ಟ್, ಅಂದರೆ ಅವರ ಕ್ಯಾನ್ಸರ್ ಡಾಕ್ಟರ ಹತ್ತಿರ ಮಾತಾಡಿದೆ. ಅವರು ಸಲೀಸಾಗಿ ಹೇಳಿದರು: "ಅದು ಹಳೇ ಕೀಮೋ ಔಷಧಿ. ಸ್ತನ ಕ್ಯಾನ್ಸರಿಗೇ ಇದಕ್ಕಿಂತ ಎಷ್ಟೋ ಪಟ್ಟು ಡೋಸ್ ಕೊಡ್ತಿದ್ವಿ. ನೀವು ಕೊಡೋದು ಚಿಟಿಕೆ. ಶುರು ಮಾಡಿ, ನಾನೂ ನೋಡ್ತಿರ್ತೀನಿ."

ರಕ್ತಕಣ, ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ ಎಲ್ಲ ನೋಡಿಕೊಂಡು ವಾರಕ್ಕೆ 15 ಮಿಲಿಗ್ರಾಂ ಶುರು ಮಾಡಿದೆ. ಜೊತೆಗೆ ಫೋಲಿಕ್ ಆಸಿಡ್, ಬೇರೆ ದಿನ. ವಾರಕ್ಕೆ ಒಂದೇ ದಿನ ಅನ್ನೋದನ್ನು ನಾನು ಯಾವತ್ತೂ ಬಾಯಲ್ಲಿ ಹೇಳಿ ಬಿಡುವುದಿಲ್ಲ. ಈ ಮಾತ್ರೆಯನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ, ಹಾಗೆ ಆದ ಅನಾಹುತಗಳು ಕಮ್ಮಿಯಿಲ್ಲ. ಚೀಟಿಯಲ್ಲಿ "ಭಾನುವಾರ ಮಾತ್ರ" ಅಂತ ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು, ಅವರ ಬಾಯಿಂದಲೇ ಒಂದು ಸಲ ಓದಿಸಿದೆ. ಅವರು ನಕ್ಕರು. "ಲೆಟ್ರೊಜೋಲ್ ದಿನಾ, ಇದು ಭಾನುವಾರ. ತಲೆ ಇನ್ನೂ ನೆಟ್ಟಗಿದೆ ಡಾಕ್ಟ್ರೇ." ನಾನು ಅವರು ನಗುವುದನ್ನು ನೋಡಿದ್ದು ಆವತ್ತೇ ಮೊದಲು.

ಫಿಜಿಯೋಥೆರಪಿಯನ್ನೂ ಅದೇ ವಾರ ಶುರು ಮಾಡಿಸಿದೆ. ಚರ್ಮ ಬಿಗಿಯುತ್ತಿದೆ ಅಂತ ಭುಜ ಆಡಿಸುವುದನ್ನು ಬಿಟ್ಟರೆ, ಚರ್ಮ ಮೆತ್ತಗಾಗುವ ಹೊತ್ತಿಗೆ ಭುಜ ಜಡ್ಡುಗಟ್ಟಿರುತ್ತದೆ.

ಬಯಾಪ್ಸಿ ಗಾಯ ಕಾಟ ಕೊಟ್ಟಿತು. ಗೆರೆಯ ಹೊರಗಿನದು ಹನ್ನೆರಡು ದಿನಕ್ಕೆ ಮಾಯಿತು. ಒಳಗಿನದು ಐದು ವಾರ ತೆಗೆದುಕೊಂಡಿತು. ಒಂದೇ ಕೈ, ಒಂದೇ ದಾರ, ಒಂದೇ ದಿನ ಹಾಕಿದ ಹೊಲಿಗೆ.

ಮುಂದಿನ ತಿಂಗಳುಗಳು

ಮೆಥೊಟ್ರೆಕ್ಸೇಟ್ ನಿಧಾನದ ಔಷಧಿ. ಎರಡು ತಿಂಗಳು ಏನೂ ಆಗಲಿಲ್ಲ. "ಸುಮ್ನೆ ನುಂಗ್ತಿದೀನಾ?" ಅಂತ ಪ್ರತಿ ಸಲ ಕೇಳುತ್ತಿದ್ದರು. ನಾನು ಪ್ರತಿ ಸಲ ಟ್ರೇಸಿಂಗ್ ಹಾಳೆಯನ್ನು ಚರ್ಮದ ಮೇಲಿಟ್ಟು ಕಲೆಯ ಅಂಚನ್ನು ಪೆನ್ನಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಮೂರು ನೀಲಿ ಚುಕ್ಕಿಗಳೇ ಹಾಳೆ ಹೊಂದಿಸಲೂ ಆಧಾರ. ಮೂರನೇ ತಿಂಗಳ ಹಾಳೆಯನ್ನು ಎರಡನೆಯದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ಎರಡು ಗೆರೆ ಒಂದರ ಮೇಲೊಂದು ಕೂತವು. ನೇರಳೆ ಅಂಚು ಮಾಸಿತ್ತು. ಕಾಯಿಲೆ ನಿಂತಿತ್ತು.

ಐದನೇ ತಿಂಗಳಲ್ಲಿ ಲಿವರ್ ಎನ್‌ಜೈಮ್ ಏರಿತು. ಎರಡು ವಾರ ಮಾತ್ರೆ ನಿಲ್ಲಿಸಿ, 10 ಮಿಲಿಗ್ರಾಂಗೆ ಇಳಿಸಿ ಮತ್ತೆ ಶುರು ಮಾಡಿದೆ. ಆಮೇಲೆ ತೊಂದರೆಯಾಗಲಿಲ್ಲ. ಎಂಟನೇ ತಿಂಗಳಲ್ಲಿ ಮೊದಲ ಸಲ ಆ ಚರ್ಮವನ್ನು ಬೆರಳುಗಳ ನಡುವೆ ಹಿಡಿಯಲು ಸಾಧ್ಯವಾಯಿತು. ಪೂರ್ತಿ ಅಲ್ಲ, ಮೇಲ್ಪದರ ಸ್ವಲ್ಪ ಸರಿಯಿತು. ಕೈ ತಲೆಯ ಮೇಲಕ್ಕೆ ಹೋಗುತ್ತಿತ್ತು. ಎರಡು ವರ್ಷಕ್ಕೆ ಔಷಧಿ ನಿಲ್ಲಿಸಿದೆವು.

ಎಲ್ಲ ಮೊದಲಿನಂತೆ ಆಗಲಿಲ್ಲ. ಕಂದು ಬಣ್ಣ ಉಳಿಯಿತು. ಕುಗ್ಗಿದ ಸ್ತನ ಕುಗ್ಗಿಯೇ ಇದೆ. ಒಂದು ದಿನ ಅವರು ಸ್ವಲ್ಪ ಸಂಕೋಚದಿಂದಲೇ, "ಇದನ್ನ ಆಪರೇಷನ್ ಮಾಡಿ ಸರಿ ಮಾಡೋಕೆ ಆಗಲ್ವಾ?" ಅಂತ ಕೇಳಿದರು. ಈ ವಯಸ್ಸಲ್ಲಿ ಅದೆಲ್ಲ ಯಾಕೆ ಅಂತ ಬೇರೆ ಯಾರೋ ಹೇಳಿದ್ದರಂತೆ. ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಅಳುಕು ಬೇರೆ. ಮಾರ್ಫಿಯಾ ಪೆಟ್ಟಿಗೆ ಕೆರಳುವ ಕಾಯಿಲೆ, ಕತ್ತಿ ಹಾಕಿದ ಜಾಗದಲ್ಲಿ ಮತ್ತೆ ಏಳಬಹುದು. ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಳಿಸಿದೆ. ಔಷಧಿ ಇಲ್ಲದೆ ಒಂದು ವರ್ಷ ಅಲುಗದೆ ಇರಲಿ, ಆಮೇಲೆ ನೋಡೋಣ ಅಂದರು ಅವರು.

ಕೊನೆಯ ಸಲ ಬಂದಾಗ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿದೆ. ರೇಡಿಯೇಷನ್‌ನಿಂದ ಮಾರ್ಫಿಯಾ ಆಗಿದೆ, ಮತ್ತೆ ಎಲ್ಲಿಗಾದರೂ ರೇಡಿಯೇಷನ್ ಬೇಕಾದರೆ ಮೊದಲು ಮಾತಾಡಿ. ಬಲ ಸ್ತನದ ಮ್ಯಾಮೊಗ್ರಾಂನಲ್ಲಿ ಚರ್ಮ ದಪ್ಪ ಕಾಣುತ್ತದೆ, ಹಳೇ ಫಿಲ್ಮ್ ಜೊತೆ ಹೋಲಿಸಿ. ಅವರು ಎರಡೂ ಸಾಲನ್ನು ಓದಿದರು. "ಈ ಚುಕ್ಕಿಗಳ ವಿಷಯ ಬರೀಲಿಲ್ವಲ್ಲ ಡಾಕ್ಟ್ರೇ" ಅಂದರು. ಪೆನ್ನು ವಾಪಸ್ ತೆಗೆದುಕೊಂಡು, ಮೂರು ಚುಕ್ಕಿ ಎಲ್ಲೆಲ್ಲಿವೆ ಅನ್ನುವ ಚಿತ್ರ ಬಿಡಿಸಿದೆ.